ಯಾರೂ ಇಲ್ಲದ ಮನೆಯ ಮುಂದೆ ಓದಿದ ಪಾಠ

ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಕೊಪ್ಪಳದಿಂದ ಬಸ್ಸಿನಲ್ಲಿ ಇರಕಲ್ಲಗಡಕ್ಕೆ ಬಂದು, ಅಲ್ಲಿಂದ ಟಂಟಂ ಆಟೋ ಹಿಡಿದು ಆ ಊರು ಮುಟ್ಟಬೇಕು. ಶಾಲೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಒಂದು ಹಳೆಯ ವಾಡೆ ಇದೆ. ಕಪ್ಪು ಕಲ್ಲಿನ ಮನೆ, ಆಳೆತ್ತರ ಮೀರಿದ ಬಾಗಿಲು, ಮುಂದೆ ವಿಶಾಲವಾದ ಅಂಗಳ, ಅಂಗಳದಲ್ಲೊಂದು ಬೇವಿನ ಮರ. ಊರವರು ಅದನ್ನು ದೊಡ್ಡ ಮನಿ ಎನ್ನುತ್ತಾರೆ. ಏಳನೆಯ ತರಗತಿಯ ಕಿಟಕಿಯಿಂದ ನೋಡಿದರೆ ಬೇವಿನ ಮರದ ತಲೆ ಮಾತ್ರ ಕಾಣುತ್ತದೆ. ಅಂಗಳ ಕಾಣುವುದಿಲ್ಲ.

ಆ ಕಡೆಯಿಂದ ದಿನವೂ ಮಧ್ಯಾಹ್ನ ಮೂರರ ಹೊತ್ತಿಗೆ ಎರಡು ದನಿ ಕೇಳುತ್ತಿದ್ದವು. ಮೊದಲನೆಯದು ಮಲಗಿ ಎದ್ದ ಮುದುಕರು ಕೂಗುವಂಥದ್ದು, ಕಫ ಕಟ್ಟಿದ ಗಂಟಲಿನ, ಸಿಟ್ಟೂ ಅಲ್ಲದ ಪ್ರೀತಿಯೂ ಅಲ್ಲದ ಒಂದು ಕರೆ. ಅದರ ಬೆನ್ನಿಗೇ ಎರಡನೆಯದು, "ಬಂದ್ನಿರಿ ಧಣೀ" ಎನ್ನುವ ಓಗೊಡುವ ದನಿ. ಆ ಶಾಲೆಗೆ ಬಂದು ಆರು ವರ್ಷವಾಗಿತ್ತು. ಆರು ವರ್ಷವೂ ಅದನ್ನು ಗಂಟೆಯ ಹಾಗೆ ಬಳಸಿದ್ದೆ. ಓಗೊಟ್ಟ ದನಿ ಕೇಳಿದ ಕೂಡಲೇ ಮಕ್ಕಳಿಗೆ ಪುಸ್ತಕ ಮುಚ್ಚಲು ಹೇಳಿ ಮುಂದಿನ ತರಗತಿಗೆ ಹೋಗುತ್ತಿದ್ದೆ. ಆ ಮನೆಯಲ್ಲಿ ಹಾಸಿಗೆ ಹಿಡಿದ ಒಬ್ಬ ಹಿರಿಯರೂ ಅವರನ್ನು ನೋಡಿಕೊಳ್ಳುವ ಒಬ್ಬ ಆಳೂ ಇದ್ದಾರೆ ಎಂದುಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ, ಮಕ್ಕಳ ಪುಸ್ತಕ ಪ್ರಕಟಿಸುವ ಧಾರವಾಡದ ಸ್ನೇಹಿತೆಯೊಬ್ಬಳು ಒಂದು ಸಣ್ಣ ಪುಸ್ತಕ ಬರೆದುಕೊಡಲು ಕೇಳಿದಳು. ಜಗತ್ತಿನಲ್ಲಿ ಗುಲಾಮಗಿರಿ ಹೇಗೆ ರದ್ದಾಯಿತು ಎಂಬುದನ್ನು ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ತಿಳಿಯುವಂತೆ ಹೇಳಬೇಕು, ಚಿತ್ರ ಅವರೇ ಬರೆಸುತ್ತಾರೆ. ನನಗೆ ಖುಷಿಯಾಯಿತು. ಭಾನುವಾರಗಳಲ್ಲಿ ಕೂತು ಬರೆದೆ. ಹಡಗಿನ ಕೆಳಗಿನ ಕತ್ತಲೆ, ಕಬ್ಬಿನ ತೋಟ, ತಪ್ಪಿಸಿಕೊಂಡು ಓಡಿದವರು, ಓಡುವವರಿಗೆ ದಾರಿ ತೋರಿಸಿದ ಹೆಂಗಸರು, ಸಕ್ಕರೆ ತಿನ್ನುವುದನ್ನು ಬಿಟ್ಟು ಪ್ರತಿಭಟಿಸಿದ ಮನೆಗಳು, ಕೊನೆಗೆ ಕಾಯ್ದೆಗಳು. ದೂರದ ಸಂಗತಿಯನ್ನು ಬರೆಯುವಾಗ ಕೈ ಎಲ್ಲಿಯೂ ತಡವರಿಸಲಿಲ್ಲ. ಕೊನೆಯ ಅಧ್ಯಾಯವನ್ನು "ಹೀಗೆ ಗುಲಾಮಗಿರಿ ಮುಗಿಯಿತು" ಎಂಬ ವಾಕ್ಯದಿಂದ ಮುಗಿಸಿದ್ದೆ. ಆ ವಾಕ್ಯ ನನಗೆ ಹಿಡಿಸಿತ್ತು.

ಅಚ್ಚಿಗೆ ಕೊಡುವ ಮೊದಲು ಏಳನೆಯ ತರಗತಿಗೆ ವಾರಕ್ಕೊಂದು ಅಧ್ಯಾಯ ಓದಿ ಹೇಳಲು ಶುರುಮಾಡಿದೆ. ಯಾವ ಮಾತು ಅವರಿಗೆ ತಿಳಿಯುತ್ತದೆ, ಯಾವುದು ತಿಳಿಯುವುದಿಲ್ಲ ಎಂದು ನೋಡುವುದು ನನ್ನ ಲೆಕ್ಕಾಚಾರ. ಮೊದಲ ದಿನವೇ ಗುಲಾಮ ಎಂಬ ಮಾತಿಗೆ ಎಲ್ಲರೂ ನಕ್ಕರು. ಅವರಿಗೆ ಗೊತ್ತಿದ್ದ ಗುಲಾಮ ಇಸ್ಪೀಟಿನ ಎಲೆಯಲ್ಲಿ ಮೀಸೆ ಬಿಟ್ಟುಕೊಂಡು ನಿಂತವನು. ಆ ನಗು ಎರಡನೆಯ ಅಧ್ಯಾಯದ ಹೊತ್ತಿಗೆ ನಿಂತಿತ್ತು.

ಕೊನೆಯ ಅಧ್ಯಾಯ ಓದಿದ್ದು ಫೆಬ್ರುವರಿಯ ಒಂದು ಗುರುವಾರ. ಅಮೆರಿಕದಲ್ಲಿ ಬಿಡುಗಡೆಯ ಘೋಷಣೆಯಾದರೂ ದೂರದ ಒಂದು ಪ್ರಾಂತ್ಯದ ಗುಲಾಮರಿಗೆ ಅದು ಗೊತ್ತಾಗಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು ಎಂಬ ಭಾಗಕ್ಕೆ ಬಂದಾಗ ಒಬ್ಬ ಹುಡುಗಿ ಕೈ ಎತ್ತಿದಳು. ಪ್ರಶ್ನೆ ಕೇಳುವಾಗ ಎದ್ದು ನಿಲ್ಲದೆ ಬೆಂಚಿನ ಮೇಲೆ ಮೊಣಕಾಲೂರುವ ಅಭ್ಯಾಸ ಅವಳದು.

"ಟೀಚರ್, ಎರಡು ವರ್ಷ ಆ ಸುದ್ದಿ ಎಲ್ಲಿತ್ತು?"

"ದೂರದ ಊರು, ಯುದ್ಧದ ಕಾಲ. ಅದೂ ಅಲ್ದ, ಗೊತ್ತಿದ್ದ ಮಾಲೀಕರು ಹೇಳಲಿಲ್ಲ" ಎಂದೆ.

"ಆಮ್ಯಾಲೆ ಯಾರು ಹೇಳಿದ್ರು?"

"ಒಬ್ಬ ಸೇನಾಧಿಕಾರಿ ಬಂದು ಆಜ್ಞೆ ಓದಿಸಿದ. ಎಲ್ಲರಿಗೂ ಕೇಳೋ ಹಾಂಗ."

"ನಮ್ಮೂರಿಗೆ ಯಾರು ಬಂದು ಓದಿದ್ರು?"

ನಮ್ಮಲ್ಲಿಯೂ ಜೀತವೆಂಬುದಿತ್ತು, ಸಾಲಕ್ಕೋ ಕಾಳಿಗೋ ಮನುಷ್ಯರನ್ನು ವರ್ಷಗಟ್ಟಲೆ ದುಡಿಸಿಕೊಳ್ಳುತ್ತಿದ್ದರು, ಎಪ್ಪತ್ತರ ದಶಕದಲ್ಲೇ ಕಾಯ್ದೆ ಮಾಡಿ ಅದನ್ನು ರದ್ದು ಮಾಡಿದರು ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ಗೋಡೆಯ ಆಚೆಯಿಂದ "ಬಂದ್ನಿರಿ ಧಣೀ" ಎಂಬ ಓಗೊಡುವಿಕೆ ಕೇಳಿಸಿತು. ಮೂವತ್ತೊಂದು ಮಕ್ಕಳೂ ಒಟ್ಟಿಗೆ ಆ ಗೋಡೆಯ ಕಡೆ ನೋಡಿದರು. ಯಾರೂ ನಗಲಿಲ್ಲ.

"ನಮ್ಮ ತಾತಗ ಯಾರೂ ಓದಿಲ್ಲ ಟೀಚರ್" ಎಂದಳು ಆ ಹುಡುಗಿ.

ಓಗೊಟ್ಟವನು ಅವಳ ಅಜ್ಜಿಯ ಸೋದರಮಾವ ಎಂದು ನನಗೆ ಗೊತ್ತಾದದ್ದು ಆಗ. "ಆ ಮನಿ ಧಣಿ ಇನ್ನೂ ನಿಮ್ಮ ತಾತನ್ನ ದುಡಿಸ್ಕೊಳ್ತಾರೇನು?" ಎಂದು ಕೇಳಿದೆ.

"ಯಾವ ಧಣಿ ಟೀಚರ್? ಆ ಮನ್ಯಾಗ ಯಾರೂ ಇಲ್ಲ."

"ಈಗ ಕರೆದ್ರಲ್ಲ?"

"ಯಾರೂ ಕರೀಲಿಲ್ಲ. ತಾತ ಒಬ್ಬನ ಅಂದಿದ್ದು."

"ಅದಕ್ಕಿಂತ ಮೊದಲು ಒಂದು ದನಿ ಕೇಳ್ಸಲಿಲ್ಲೇನು ನಿಮಗ?"

ಮಕ್ಕಳೆಲ್ಲ ಇಲ್ಲವೆಂದು ತಲೆಯಾಡಿಸಿದರು. ಕೆಲವರು ನನ್ನನ್ನು ಬೇರೆ ಥರ ನೋಡಿದರು.

ಮರುದಿನ ಮೂರಕ್ಕೆ ಐದು ನಿಮಿಷ ಇರುವಾಗಲೇ ಕಿಟಕಿಯ ಬಳಿ ಹೋಗಿ ನಿಂತೆ. ಬಿಸಿಲು, ಬೇವಿನ ಎಲೆಯ ಸದ್ದು, ದೂರದಲ್ಲಿ ಒಂದು ಟ್ರ್ಯಾಕ್ಟರ್. ಬೇರೇನೂ ಇಲ್ಲ. ಆಮೇಲೆ ಆ ಓಗೊಟ್ಟ ದನಿ, ಒಂದೇ. ಆದರೆ ಅದು ಬಂದ ರೀತಿ ಹೇಗಿತ್ತೆಂದರೆ, ಅದರ ಮುಂಚಿನ ಕ್ಷಣದಲ್ಲಿ ಯಾರೋ ಕರೆದು ಮುಗಿಸಿದ್ದಾರೆ ಎಂಬುದು ಅದರೊಳಗೇ ಇತ್ತು. ಕರೆಯದೆ ಯಾರೂ ಓಗೊಡುವುದಿಲ್ಲ. ಆದ್ದರಿಂದ ನನ್ನ ಕಿವಿಯೇ ಕರೆಯನ್ನು ಸೇರಿಸಿಕೊಂಡಿತ್ತು ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೂ ಒಂದು ಮಾತು ಬಗೆಹರಿಯಲಿಲ್ಲ. ನಾನು ಆರು ವರ್ಷ ಕೇಳಿದ ದನಿಗೆ ವಯಸ್ಸಿತ್ತು, ಗಂಟಲಲ್ಲಿ ಕಫವಿತ್ತು. ಅದು ಒಬ್ಬ ನಿರ್ದಿಷ್ಟ ಮನುಷ್ಯನ ದನಿಯಾಗಿತ್ತು.

ಯಾರದೆಂದು ಗೊತ್ತಾಗಲು ನನಗೆ ಒಂದು ವಾರ ಬೇಕಾಯಿತು. ಕುಷ್ಟಗಿಯ ಹತ್ತಿರದ ಹಳ್ಳಿಯಲ್ಲಿ ನನ್ನ ತಾಯಿಯ ತವರು. ಬೇಸಿಗೆ ರಜೆಗೆ ಹೋದಾಗ, ಊಟ ಮಾಡಿ ಪಡಸಾಲೆಯಲ್ಲಿ ಮಲಗಿದ ನನ್ನ ತಾತ ಎದ್ದ ಕೂಡಲೇ ಮುಖಕ್ಕೆ ನೀರು ತರಲು ಹಾಗೆ ಕೂಗುತ್ತಿದ್ದರು. ಯಾರೋ ಓಗೊಡುತ್ತಿದ್ದರು, ಯಾರೋ ತಂಬಿಗೆ ತಂದು ಇಡುತ್ತಿದ್ದರು. ಆ ದನಿ ನನಗೆ ಪೂರ್ತಿ ನೆನಪಿದೆ. ತಂಬಿಗೆ ನೆನಪಿದೆ. ಅದನ್ನು ತಂದವರ ಮುಖ ಎಷ್ಟು ಪ್ರಯತ್ನಪಟ್ಟರೂ ನೆನಪಾಗುವುದಿಲ್ಲ. ತಾಯಿಗೆ ಫೋನ್ ಮಾಡಿ ಕೇಳಿದೆ. "ಯಾರೋ ಇದ್ರು" ಎಂದಳು.

ಆ ಶನಿವಾರ ಶಾಲೆ ಬಿಟ್ಟ ಮೇಲೆ ಹುಡುಗಿಯ ಮನೆಗೆ ಹೋದೆ. ಅವಳ ಅಜ್ಜಿ ಶೇಂಗಾ ಸುಲಿಯುತ್ತ ಕೂತಿದ್ದಳು. ಕೂಡಲು ಚಾಪೆ ಹಾಸಿ, ಚಹಾ ಕಾಸಲು ಸೊಸೆಗೆ ಹೇಳಿ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಸೋದರಮಾವನಿಗೆ ಎಂಟು ವರ್ಷವಿದ್ದಾಗ ಅವನ ತಾಯಿ ಸತ್ತಳು. ಅವಳ ದಿನಕರ್ಮ ಮಾಡಲು ದೊಡ್ಡ ಮನೆಯಿಂದ ಎರಡು ಚೀಲ ಜೋಳ ತಂದ ತಂದೆ, ಅದರ ಬದಲಿಗೆ ಹುಡುಗನನ್ನು ಅಲ್ಲಿ ಬಿಟ್ಟ. ಹುಡುಗ ದೊಡ್ಡವನಾದ, ಅಲ್ಲೇ ಉಳಿದ. ಮಳೆ ಸರಿಯಾಗಿ ಬಾರದ ವರ್ಷಗಳಲ್ಲಿ ಧಣಿ ನವಲಿ ಕಡೆ ಕಾಲುವೆ ನೀರಿನ ಗದ್ದೆ ಕೊಂಡು, ಗಂಗಾವತಿಯಲ್ಲಿ ಮನೆ ಕಟ್ಟಿಸಿ ಸಂಸಾರ ಸಮೇತ ಹೋದ. ಹೋಗುವಾಗ, "ನಾ ಬರೋತನಕ ಅಂಗಳ ನೋಡ್ಕೊಂತ ಇರು" ಎಂದು ಹೇಳಿದ. ಬರಲಿಲ್ಲ. ಗಂಗಾವತಿಯಲ್ಲೇ ತೀರಿಕೊಂಡ.

"ನಿಮ್ಮ ಮಾವಗ ಇದು ಗೊತ್ತಿಲ್ಲೇನು?"

"ಗೊತ್ತೈತ್ರಿ ಅಕ್ಕೋರ. ಸತ್ತ ಸುದ್ದಿ ಬಂದಾಗ ತಲಿ ಮ್ಯಾಲೆ ನೀರು ಹಾಕ್ಕೊಂಡಾನ. ಮರುದಿನ ಮತ್ತ ಕಸಬರಗಿ ಹಿಡಕೊಂಡು ಹೋದ."

"ನೀವು ಬ್ಯಾಡ ಅನ್ಲಿಲ್ಲೇನು?"

"ಎಷ್ಟು ಸಲ ಅಂದೀವಿ. ಊಟ ನಮ್ಮ ಮನ್ಯಾಗ, ಮಲಗೋದು ನಮ್ಮ ಮನ್ಯಾಗ. ಪಗಾರ ಇಲ್ಲ, ಕೇಳೋರಿಲ್ಲ, ಯಾಕ ಹೋಗ್ತಿ ಅಂತ. ಒಮ್ಮೆ ನನ್ನ ಮಗ ಸಿಟ್ಟಿಗೆದ್ದು ಮಾವನ್ನ ಒಳಗ ಹಾಕಿ ಬಾಗಲಾ ಹಾಕಿದ್ದ." ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. "ಮುಂಜಾನಿಂದ ಸುಮ್ನ ಕುಂತಿದ್ದ. ಮಧ್ಯಾಹ್ನ ಆತು ನೋಡ್ರಿ, ಗ್ವಾಡಿಗೆ ಮುಖ ಮಾಡಿ ಅಳಾಕ ಹತ್ತಿದ. ಬರ್ತೀನ್ರಿ ಧಣೀ, ಬಾಗಲಾ ಹಾಕ್ಯಾರ್ರಿ, ಬರ್ತೀನ್ರಿ, ಅಂತ. ಅವತ್ತಿನಿಂದ ಯಾರೂ ತಡದಿಲ್ಲ."

ಹೊರಡುವಾಗ ಹುಡುಗಿ ನನ್ನ ಸೆರಗಿನ ಬಳಿ ನಿಂತು, "ನೀವು ಓದ್ರಿ ಟೀಚರ್. ಪುಸ್ತಕದಾಗ ಇದ್ದದ್ದು ಓದಿದ್ರ ತಾತ ಕೇಳ್ತಾನ" ಎಂದಳು. ಪುಸ್ತಕದ ಮೇಲೆ ಅವಳಿಗಿದ್ದ ಭರವಸೆ ನನಗಿರಲಿಲ್ಲ. ಆದರೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಮುಂದಿನ ಶನಿವಾರ ಹತ್ತೂವರೆಗೆ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ದೊಡ್ಡ ಮನೆಯ ಅಂಗಳಕ್ಕೆ ಹೋದೆ. ನಾನು ಆ ಅಂಗಳವನ್ನು ನೋಡಿದ್ದು ಅದೇ ಮೊದಲು. ಮನೆಯ ಮಾಳಿಗೆ ಒಂದು ಕಡೆ ಕುಸಿದಿತ್ತು. ಬಾಗಿಲ ಬೀಗ ತುಕ್ಕು ಹಿಡಿದು ಕೆಂಪಾಗಿತ್ತು, ಹೊಸ್ತಿಲ ಮೂಲೆಯಲ್ಲಿ ಹುತ್ತ ಎದ್ದಿತ್ತು. ಅಂಗಳ ಮಾತ್ರ ಅಂಗೈಯಂತೆ ಸ್ವಚ್ಛವಾಗಿತ್ತು. ಬೇವಿನ ಮರದ ಕೆಳಗೆ ಒಂದೇ ಒಂದು ಎಲೆ ಇರಲಿಲ್ಲ. ಕಸಬರಿಗೆಯ ಗೆರೆಗಳು ಒಂದರ ಪಕ್ಕ ಒಂದು, ಮನೆಯ ಬಾಗಿಲಿನಿಂದ ರಸ್ತೆಯವರೆಗೆ. ಆ ಗೆರೆಗಳ ಮೇಲೆ ಕಾಲಿಡಲು ಮಕ್ಕಳು ಹಿಂಜರಿದು ಅಂಚಿನಲ್ಲೇ ನಿಂತರು.

ಅವನು ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ತೆಳ್ಳಗಿನ ಮನುಷ್ಯ, ತಲೆಗೆ ಬಿಳಿ ವಸ್ತ್ರ. ನನ್ನನ್ನು ಕಟ್ಟೆಯ ಮೇಲೆ ಕೂಡಲು ಹೇಳಿದ. ನೀವೂ ಕೂಡ್ರಿ ಎಂದರೆ ಕೇಳಲಿಲ್ಲ. ನಾನು ಓದಿದೆ. ಸುದ್ದಿ ತಡವಾಗಿ ತಲುಪಿದ ಆ ಪ್ರಾಂತ್ಯದ ಕಥೆ, ಆಮೇಲೆ ನಮ್ಮ ದೇಶದ ಕಾಯ್ದೆ. ಅದನ್ನು ಅವನಿಗಾಗಿ ಹಿಂದಿನ ಭಾನುವಾರ ಸೇರಿಸಿದ್ದೆ. ಅವನು ನೆಲ ನೋಡುತ್ತ ಕೇಳಿದ. ಮುಗಿದ ಮೇಲೆ ಹೇಳಿದ.

"ಛಲೋ ಓದಿದ್ರಿ ಅಕ್ಕೋರ. ಈ ಕಾಯ್ದೆ ಸುದ್ದಿ ನನಗ ಗೊತ್ತೈತ್ರಿ. ಆವಾಗ ಒಬ್ರು ಸಾಹೇಬ್ರು ಜೀಪಿನ್ಯಾಗ ಬಂದಿದ್ರು. ಈ ಕಟ್ಟಿ ಮ್ಯಾಲೇ ಕುಂತಿದ್ರು."

"ಬಂದು ಏನಂದ್ರು?"

"ನಿಮ್ಮ ಮನ್ಯಾಗ ಜೀತದಾಳು ಯಾರರ ಅದಾರೇನು ಅಂತ ಧಣಿನ ಕೇಳಿದ್ರು. ಯಾರೂ ಇಲ್ಲ ಅಂದ್ರು ಧಣಿ. ನಾ ಅಲ್ಲೇ ನಿಂತಿದ್ನಿರಿ, ಸಾಹೇಬ್ರಿಗೆ ನೀರು ಹಿಡಕೊಂಡು. ಅವರು ನೀರು ಕುಡಿದು ಲೋಟಾ ನನ್ನ ಕೈಯಾಗ ಕೊಟ್ರು. ಕಾಗದದ ಮ್ಯಾಲೆ ಯಾರೂ ಇಲ್ಲ ಅಂತ ಬರಕೊಂಡು ಹೋದ್ರು."

ಆಗಷ್ಟೇ ಉದುರಿದ ಒಂದು ಬೇವಿನ ಎಲೆಯನ್ನು ಹೆಕ್ಕಿ ಅವನು ಮುಷ್ಟಿಯಲ್ಲಿಟ್ಟುಕೊಂಡ.

"ಇದ್ದವನನ್ನ ಬಿಡಬಹುದ್ರಿ" ಎಂದ ಅವನು, ತನಗೆ ತಾನೇ ಲೆಕ್ಕ ಬಿಡಿಸಿಕೊಳ್ಳುವವನ ಹಾಗೆ. "ಇಲ್ಲದವನನ್ನ ಬಿಡೋದು ಹ್ಯಾಂಗ?"

ಅವನಿಗೇನು ಬೇಕು ಎಂದು ಕೇಳಿದೆ. ಧಣಿಯ ಬಾಯಿಂದ ಒಂದು ಮಾತು ಬೇಕು ಎಂದ. ತಾನು ಚಿಕ್ಕವನಿದ್ದಾಗ ಆ ಮನೆಯಲ್ಲಿ ಇನ್ನೊಬ್ಬ ಆಳಿದ್ದ. ಅವನ ಅಣ್ಣತಮ್ಮಂದಿರು ದುಡಿದು ಸಾಲ ತೀರಿಸಿದಾಗ, ಧಣಿ ಹೊಸ್ತಿಲ ಒಳಗೆ ನಿಂತು ಬಿಡುಗಡೆಯ ಮಾತು ಹೇಳಿ, ಅವನ ಬೊಗಸೆಗೆ ನೀರು ಹಾಕಿದ್ದರು. ಅವನು ಅದನ್ನು ಕುಡಿದು ಹೋದ. ಹಾಗೆ ಆಗಬೇಕು. ಆಗದಿದ್ದರೆ ಆಗಲಿಲ್ಲ.

ಧಣಿಯ ಮೊಮ್ಮಗಳೊಬ್ಬಳು ಗಂಗಾವತಿಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಾಳೆಂದು ಊರಲ್ಲಿ ತಿಳಿಯಿತು. ಒಬ್ಬ ಪಾಲಕರು ಫೋನ್ ನಂಬರ್ ತಂದುಕೊಟ್ಟರು. ಅವಳಿಗೆ ಫೋನ್ ಮಾಡಿ ನಾನು ಯಾರೆಂದು ಹೇಳಿ, ಅವರ ಹಳೆಯ ಮನೆಯ ಬಗ್ಗೆ ಮಾತಾಡಬೇಕಿತ್ತು, ಅಲ್ಲಿ ಒಬ್ಬರಿದ್ದಾರೆ ಎಂದೆ. ಆ ಕಡೆ ಸೀರೆ ಮಡಿಸುವ ಸದ್ದು ನಿಂತಿತು.

"ಅಲ್ಲಿ ಯಾರೂ ಇಲ್ಲಲ್ರಿ" ಎಂದಳು.

ನನಗೆ ಒಂದು ಕ್ಷಣ ಫೋನ್ ಇಟ್ಟುಬಿಡೋಣ ಅನ್ನಿಸಿತು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಅವಳಿಗೆ ಗೊತ್ತೇ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಕೇಳಿ ಮುಗಿದ ಮೇಲೆ, "ನಾನು ಹುಟ್ಟಿದ್ದೇ ಗಂಗಾವತ್ಯಾಗ. ನಾನು ಯಾರನ್ನೂ ಇಟ್ಕೊಂಡಿಲ್ಲ. ನಾ ಹ್ಯಾಂಗ ಬಿಡ್ಲಿ ಮೇಡಂ?" ಎಂದಳು. ಆಮೇಲೆ ಅವಳೇ, ಭಾನುವಾರ ಅಂಗಡಿಗೆ ರಜೆ, ಬರುತ್ತೇನೆ ಎಂದಳು.

ಭಾನುವಾರ ಮುಂಜಾನೆ ಒಬ್ಬಳೇ ಕಾರು ಓಡಿಸಿಕೊಂಡು ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಗಾಬರಿಯಲ್ಲಿದ್ದಳು. ಮನೆಯ ಬೀಗದ ಕೈ ಯಾರ ಬಳಿಯೂ ಇರಲಿಲ್ಲ. ಕಲ್ಲಿನಿಂದ ಎರಡೇಟು ಹಾಕಿದ್ದಕ್ಕೆ ಬೀಗ ಕಳಚಿ ಬಿತ್ತು. ಅವಳಿಗೆ ಒಬ್ಬಳೇ ಒಳಗೆ ಹೋಗಲು ಧೈರ್ಯವಾಗಲಿಲ್ಲ, ನನ್ನ ಕೈ ಹಿಡಿದಳು. ಪಡಸಾಲೆ ದಾಟಿ, ಬೆಳಕಿಂಡಿಯ ಕೆಳಗೆ ಬಿದ್ದ ಮಣ್ಣಿನ ಗುಡ್ಡೆ ದಾಟಿ, ದನ ಕಟ್ಟುವ ಜಾಗಕ್ಕೆ ಬಂದೆವು. ದನಗಳಿಗೆ ಮೇವು ಹಾಕುವ ಕಲ್ಲಿನ ಗೋದಲಿಗೂ ಗೋಡೆಗೂ ನಡುವೆ ಒಂದು ಮಗು ಮಲಗುವಷ್ಟು ಸಂದಿ. ಆ ಸಂದಿಯ ಗೋಡೆಗಲ್ಲು ಮಾತ್ರ ನುಣ್ಣಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಅವಳು ಅಂಗೈ ಇಟ್ಟು ನೋಡಿದಳು.

"ದನ ಮೈ ತಿಕ್ಕಿರಬೇಕು" ಎಂದಳು ಮೆಲ್ಲಗೆ.

"ಅಲ್ರಿ, ಅದು ನಂದು" ಎಂದಿತು ಹೊರಗಿನ ದನಿ.

ಅವನು ಅಂಗಳದಲ್ಲಿದ್ದ, ನಮಗೂ ಅವನಿಗೂ ನಡುವೆ ಮೂರು ಗೋಡೆಗಳಿದ್ದವು. ಅವಳು ಕೈ ಕಿತ್ತುಕೊಂಡಳು. ನಮ್ಮ ಹೆಜ್ಜೆ ಸದ್ದಿನಿಂದಲೇ ನಾವು ಎಲ್ಲಿ ನಿಂತಿದ್ದೇವೆಂದು ಅವನಿಗೆ ಗೊತ್ತಾಗಿತ್ತು ಎಂದು ಆಮೇಲೆ ಹುಡುಗಿಯ ಅಜ್ಜಿ ಹೇಳಿದಳು. ಮುರುಕು ಮಾಳಿಗೆ ಮಾತನ್ನು ಹೊರಗೆ ಒಯ್ದಿರಬೇಕು. ಆ ಹೊತ್ತಿನಲ್ಲಿ ನಮಗಿಬ್ಬರಿಗೂ ಇದು ಹೊಳೆಯಲಿಲ್ಲ. ಬೇಗ ಬೇಗ ಬಾಗಿಲಿಗೆ ಬಂದೆವು.

ಅವಳು ಹೊಸ್ತಿಲ ಒಳಗೆ ನಿಂತಳು. ಅವನು ಹೊರಗೆ, ಒಂದು ಮೆಟ್ಟಿಲು ಕೆಳಗೆ. ಅವನ ಹಿಂದೆ ಹುಡುಗಿಯ ಅಜ್ಜಿ, ಮೊಮ್ಮಕ್ಕಳು, ಶಾಲೆಯ ಮಕ್ಕಳು, ಊರಿನ ಹತ್ತಿಪ್ಪತ್ತು ಜನ.

"ಏನಂತ ಅನ್ಬೇಕು?" ಎಂದು ಅವಳು ನನ್ನ ಕಡೆ ನೋಡಿದಳು.

ಅವನೇ ಹೇಳಿಕೊಟ್ಟ. "ನಿನ್ನ ದುಡಿತ ತೀರಿತು ಅನ್ರಿ."

"ನಿಮ್ಮ ದುಡಿತ ತೀರಿತು."

"ನಿಮ್ಮ ಅಲ್ರಿ. ನಿನ್ನ ಅನ್ರಿ. ಧಣಿ ಹಂಗ ಅಂದಿದ್ರು."

ಅವಳ ಮುಖ ಕೆಂಪಾಯಿತು. ತನ್ನ ತಂದೆಗಿಂತ ದೊಡ್ಡವನನ್ನು ಏಕವಚನದಲ್ಲಿ ಕರೆಯಲು ಆಗದೆ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಅವನು ಕಾಯುತ್ತಿದ್ದ, ಅವಸರವಿಲ್ಲದೆ, ಪಾಠ ಒಪ್ಪಿಸಿಕೊಳ್ಳುವ ಮಾಸ್ತರರ ಹಾಗೆ.

"ನಿನ್ನ ದುಡಿತ ತೀರಿತು" ಎಂದಳು ಕೊನೆಗೆ.

"ನಿನ್ನ ಕಾಲು ನಿನ್ನವು. ಎಲ್ಲಿಗರ ಹೋಗು."

"ನಿನ್ನ ಕಾಲು ನಿನ್ನವು. ಎಲ್ಲಿಗರ ಹೋಗು."

ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. "ದನಿ ಅದ ಐತಿ" ಎಂದ ಯಾರಿಗೆಂದಿಲ್ಲದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮನೆಯಲ್ಲಿ ತಂಬಿಗೆಯೂ ಇರಲಿಲ್ಲ, ನೀರೂ ಇರಲಿಲ್ಲ. ಕಾರಿನಿಂದ ನೀರಿನ ಬಾಟಲಿ ತರಿಸಿ ಅವನ ಬೊಗಸೆಗೆ ಹಾಕಿದಳು. ಅರ್ಧ ನೀರು ನೆಲಕ್ಕೆ ಹೋಯಿತು. ಉಳಿದದ್ದನ್ನು ಅವನು ಕುಡಿದ. ಬಾಯಿ ಒರೆಸಿಕೊಂಡು, ತಿರುಗಿ ನಡೆಯಲು ಶುರುಮಾಡಿದ.

ಮನೆಗೆ ಹೋಗುತ್ತಾನೆಂದು ಎಲ್ಲರೂ ತಿಳಿದಿದ್ದೆವು. ಅವನು ಮನೆ ದಾಟಿದ, ಗುಡಿ ದಾಟಿದ, ಊರ ಬಾಗಿಲಿನ ಹುಣಸೆ ಮರ ದಾಟಿ ಇರಕಲ್ಲಗಡದ ದಾರಿ ಹಿಡಿದ. ಮಕ್ಕಳು ಹಿಂದೆ ಹಿಂದೆ ಹೋದರು. ಮೊದಲು ಕೂಗಿ ಕರೆಯುತ್ತಿದ್ದವರು ಆಮೇಲೆ ಸುಮ್ಮನಾದರು. ಅವನು ತಿರುಗಿ ನೋಡಲಿಲ್ಲ. ಹೆಜ್ಜೆ ಜೋರೂ ಇಲ್ಲ, ನಿಧಾನವೂ ಇಲ್ಲ. ಬಿಸಿಲೇರಿತು. ಕಡಲೆ ಕಿತ್ತ ಹೊಲಗಳ ನಡುವೆ ಆ ಬಿಳಿ ತಲೆವಸ್ತ್ರ ಸಣ್ಣದಾಗುತ್ತ ಹೋದುದನ್ನು ನಾನು ಊರ ಅಂಚಿನಲ್ಲಿ ನಿಂತು ನೋಡಿದೆ. ಏಕೋ ಭಯವಾಯಿತು. ನಾವು ಬಿಡಿಸಿದ್ದು ಮನುಷ್ಯನನ್ನೋ ಅಥವಾ ಕಟ್ಟು ಬಿಚ್ಚಿದ ಮೇಲೆ ಗಾಳಿಗೆ ಹೋಗುವ ಏನನ್ನೋ ಎಂದು ತಿಳಿಯಲಿಲ್ಲ.

ಹುಡುಗಿಯ ತಂದೆ ಮೋಟಾರ್ ಸೈಕಲ್ ತೆಗೆದುಕೊಂಡು ಹೋದ. ಎರಡು ಮೂರು ಮೈಲಿ ದೂರದಲ್ಲಿ, ದಾರಿಯ ಒಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಮುದುಕ ಕೂತಿದ್ದ. ಕಾಲು ಬೊಬ್ಬೆಯೆದ್ದಿತ್ತು. ಅವನ ಜೊತೆ ಕೊನೆಯವರೆಗೂ ನಡೆದ ಹುಡುಗಿ ಆಮೇಲೆ ನನಗೆ ಹೇಳಿದಳು:

"ಎಲ್ಲಿಗೆ ಹೊಂಟಿ ತಾತಾ ಅಂತ ಕೇಳಿದ್ನಿ ಟೀಚರ್. ಗೊತ್ತಿಲ್ಲವಾ, ನಿಂದ್ರು ಅಂತ ಯಾರೂ ಅನ್ಲಿಲ್ಲ ಅಂದ."

ಮೋಟಾರ್ ಸೈಕಲ್ಲಿನ ಹಿಂದೆ ಕೂಡಿಸಿ ಕರೆತಂದರು. ಅದರ ಮೇಲೆ ಅವನು ಕೂತದ್ದು ಅದೇ ಮೊದಲಂತೆ. ಗಂಗಾವತಿಯವಳು ಅಲ್ಲಿಯವರೆಗೂ ಕಾದಿದ್ದಳು. ಅವನು ಮನೆಯೊಳಗೆ ಹೋದದ್ದನ್ನು ದೂರದಿಂದ ನೋಡಿ, ನನಗೆ ಮಾತ್ರ ಹೇಳಿ ಹೊರಟಳು. ಕಾರಿನ ಗಾಜು ಏರಿಸುವ ಮೊದಲು ಒಂದು ಮಾತು ಕೇಳಿದಳು.

"ಮೇಡಂ, ನನ್ನ ದನಿ ನಿಮಗ ಹ್ಯಾಂಗ ಕೇಳಸ್ತದ?"

ಹೆಂಗಸಿನ ದನಿಯ ಹಾಗೆಯೇ ಕೇಳಿಸುತ್ತದೆ ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಈಗಲೂ ಆಗೀಗ ಫೋನ್ ಮಾಡಿ ಅವನ ಆರೋಗ್ಯ ಕೇಳುತ್ತಾಳೆ. ಬಹಳ ಮೆಲ್ಲಗೆ ಮಾತಾಡುತ್ತಾಳೆ.

ಸೋಮವಾರ ಮೂರರ ಹೊತ್ತಿಗೆ ನಾನು ಏಳನೆಯ ತರಗತಿಯಲ್ಲಿದ್ದೆ. ನಕಾಶೆ ಬರೆಯುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ತಲೆಯೆತ್ತಿದರು. ಓಗೊಡುವ ದನಿ ಬರಲಿಲ್ಲ. ಬಾರದ್ದು ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ, ಪಕ್ಕದ ತರಗತಿಯ ಸರ್ ಕೂಡ ಬಾಗಿಲಿಗೆ ಬಂದು ನಿಂತು, ಏನಾಯಿತು ಎಂಬಂತೆ ನನ್ನನ್ನು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಮಕ್ಕಳು ಮತ್ತೆ ನಕಾಶೆಗೆ ಬಗ್ಗಿದರು. ನನಗೆ ಆ ದಿನ ಯಾವ ಕರೆಯೂ ಕೇಳಿಸಲಿಲ್ಲ. ಆಮೇಲೂ ಕೇಳಿಸಿಲ್ಲ. ವಾರದೊಳಗೆ ದೊಡ್ಡ ಮನೆಯ ಅಂಗಳದಲ್ಲಿ ಬೇವಿನ ಎಲೆ ಕಣಕಾಲು ಮುಚ್ಚುವಷ್ಟು ಬಿದ್ದಿತ್ತು. ಅಷ್ಟು ಎಲೆ ಆ ಮರದಲ್ಲಿತ್ತೆಂದು ಊರಿನವರಿಗೇ ಗೊತ್ತಿರಲಿಲ್ಲ.

ಪುಸ್ತಕದ ಕೊನೆಯ ಅಧ್ಯಾಯದಿಂದ ನನಗೆ ಹಿಡಿಸಿದ್ದ ಆ ವಾಕ್ಯವನ್ನು ತೆಗೆದೆ. ಸ್ನೇಹಿತೆ ಫೋನ್ ಮಾಡಿ, "ಮಕ್ಕಳ ಪುಸ್ತಕ ಮುಗೀಬೇಕಲ್ಲ, ಇದು ಮುಗಿದಂಗ ಅನಸೂದಿಲ್ಲ" ಎಂದಳು. ಹೌದು ಎಂದೆ. ಅವಳು ಒಂದೆರಡು ದಿನ ಬಿಟ್ಟು ಹಾಗೆಯೇ ಅಚ್ಚಿಗೆ ಕಳಿಸಿದಳು. ಈಗ ಅದು ನಮ್ಮ ಶಾಲೆಯ ಗ್ರಂಥಾಲಯದಲ್ಲಿದೆ. ಹುಡುಗಿ ಎಂಟನೆಯ ತರಗತಿಗೆ ಇರಕಲ್ಲಗಡಕ್ಕೆ ಹೋಗುತ್ತಾಳೆ.

ಮುದುಕನನ್ನು ಕಳೆದ ತಿಂಗಳು ನೋಡಲು ಹೋಗಿದ್ದೆ. ಮೈ ಸ್ವಲ್ಪ ತುಂಬಿಕೊಂಡಿದ್ದಾನೆ. ಹುಡುಗಿಯ ಅಜ್ಜಿಯ ಜೊತೆ ಬಸ್ಸಿನಲ್ಲಿ ಹುಲಿಗಿಯ ಅಮ್ಮನ ಗುಡಿಗೆ ಹೋಗಿಬಂದದ್ದನ್ನು ಹೇಳಿದ. ಹೊಳೆಯಲ್ಲಿ ಕಾಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದನಂತೆ. ಚಹಾ ಬಂತು. ಈ ಸಲ ಅವನೂ ನನ್ನ ಜೊತೆ ಚಾಪೆಯ ಮೇಲೆ ಕೂತ, ಅಂಚಿನಲ್ಲಿ.

"ಅಕ್ಕೋರ, ನೀವು ಓದಿದವ್ರು, ಒಂದು ಮಾತು ಕೇಳ್ಲೇನು?" ಎಂದ.

"ಕೇಳ್ರಿ."

"ಉಂಡ ಮ್ಯಾಲೆ ಮಧ್ಯಾಹ್ನ ಮಂದಿ ಏನ್ ಮಾಡ್ತಾರ್ರಿ?"

ಕೆಲವರು ಮಲಗುತ್ತಾರೆ ಎಂದೆ.

ಅವನು ಅದನ್ನು ಯೋಚಿಸಿದ. ಆಮೇಲೆ ತಲೆಯ ವಸ್ತ್ರ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ನೆಲದ ಮೇಲಿಟ್ಟು, ನಾನಿನ್ನೂ ಅಲ್ಲಿ ಕೂತಿರುವಾಗಲೇ, ಗೋಡೆಗೆ ಬೆನ್ನು ತಾಗದಂತೆ ನಡುಮನೆಯಲ್ಲಿ ಮಲಗಿದ. ಕಣ್ಣು ಮುಚ್ಚಿಕೊಂಡ. ಹುಡುಗಿಯ ಅಜ್ಜಿ ಸೆರಗಿನಿಂದ ನೊಣ ಹೊಡೆಯುತ್ತ ಕೂತಳು. ನಾನು ಚಹಾ ಮುಗಿಸಿ, ಸದ್ದಾಗದಂತೆ ಎದ್ದು ಬಂದೆ.